ಕಂಪ್ಯೂಟರ್‌ನಲ್ಲಿ ಮಾಡಿದ ಹಲ್ಲಿನ ಕ್ಯಾಪ್ ಸರಿಯಾಗಿ ಕೂರುತ್ತಾ?

ಅಚ್ಚು ತೆಗೆದು ಮಾಡುವ ಕ್ಯಾಪ್‌ಗಿಂತ ಕಂಪ್ಯೂಟರ್ ಕ್ಯಾಪ್ ಚೆನ್ನಾಗಿ ಕೂರುತ್ತದೆ ಅಂತ ನಿಮ್ಮ ಡಾಕ್ಟರ್ ಹೇಳಿದ್ದಾರೆ, ಅದಕ್ಕೆ ಜಾಸ್ತಿ ದುಡ್ಡು ಕೊಡಬಹುದಾ ಅಂತ ಕೇಳಿದ್ದೀರಿ. ನನಗೂ ಇದೇ ಮಾತು ಹೇಳಿದ್ದರು. ರೂಟ್ ಕೆನಾಲ್ ಆದ ಕೆಳಗಿನ ದವಡೆ ಹಲ್ಲಿಗೆ ಝಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು) ಕ್ಯಾಪನ್ನು ಕಂಪ್ಯೂಟರ್‌ನಲ್ಲೇ ಮಾಡಿಸಿ ಹಾಕಿಸಿಕೊಂಡೆ. ಊಟಕ್ಕೆ ಏನೂ ತೊಂದರೆ ಇರಲಿಲ್ಲ. ಆದರೆ ಹಲ್ಲಿನ ಸಂದಿ ಶುಚಿ ಮಾಡಲು ಫ್ಲಾಸ್ ಹಾಕಿದಾಗಲೆಲ್ಲ ಅದರ ದಾರ ಒಂದೇ ಕಡೆ ಸಿಕ್ಕಿಕೊಂಡು ಎಳೆ ಎಳೆಯಾಗುತ್ತಿತ್ತು. ಆಮೇಲೆ ಅಲ್ಲೇ ವಸಡು ಊದಿಕೊಂಡಿತು. ನರ ತೆಗೆದ ಹಲ್ಲು, ನೋವು ಎಲ್ಲಿಂದ ಬರಬೇಕು? ಬೇರೆ ಡಾಕ್ಟರ್ ಎಕ್ಸ್‌ರೇ ತೆಗೆದಾಗ ಕ್ಯಾಪಿನ ಅಂಚಿನ ಕೆಳಗೆ ಹುಳುಕು ಶುರುವಾಗಿತ್ತು.

ಕಂಪ್ಯೂಟರ್ ಕ್ಯಾಪ್‌ಗೆ ಅಚ್ಚಿನ ಬದಲು ಬಾಯೊಳಗೆ ಸ್ಕ್ಯಾನ್ ಮಾಡುತ್ತಾರೆ, ಅದನ್ನು ನೋಡಿ ಯಂತ್ರ ಕ್ಯಾಪ್ ಕೊರೆಯುತ್ತದೆ. ಅವರು ನನ್ನ ಹಳೇ ಸ್ಕ್ಯಾನ್ ತರಿಸಿ ತೋರಿಸಿದರು. ಹಲ್ಲನ್ನು ಅರೆದಾಗ ಅರೆದ ಭಾಗ ಮುಗಿಯುವಲ್ಲಿ ಒಂದು ಗೆರೆ ಮೂಡುತ್ತದೆ. ಕ್ಯಾಪಿನ ಅಂಚು ಸುತ್ತಲೂ ಆ ಗೆರೆಯ ಮೇಲೇ ಕೂರಬೇಕು. ನನ್ನ ಹಲ್ಲಿನ ಹಿಂಬದಿಯಲ್ಲಿ ಅದು ವಸಡಿನ ಕೆಳಗಿತ್ತು. ಸ್ಕ್ಯಾನರ್ ಅಂದರೆ ಕ್ಯಾಮೆರಾ ಅಷ್ಟೇ, ವಸಡಿನ ಒಳಗೆ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಮೊದಲು ವಸಡಿನ ಸಂದಿಗೆ ತೆಳ್ಳನೆ ದಾರ ಒತ್ತಿ, ವಸಡನ್ನು ಆಚೆ ಸರಿಸಿ, ರಕ್ತ, ಎಂಜಲು ಒಣಗಿಸಬೇಕು. ನನಗೆ ದಾರ ಇಡಲಿಲ್ಲ. ರಕ್ತ ಜಿನುಗುತ್ತಿರುವಾಗಲೇ ಸ್ಕ್ಯಾನ್ ಮುಗಿಸಿದ್ದರು. ಮಸುಕಾಗಿದ್ದ ಕಡೆ ಗೆರೆಯನ್ನು ಅಂದಾಜಿನಲ್ಲಿ ಎಳೆದಿದ್ದರು. ಆ ಅಂದಾಜನ್ನು ಯಂತ್ರ ಚಾಚೂತಪ್ಪದೆ ಕೊರೆದು ಕೊಟ್ಟಿತ್ತು.

ಹಾಗಂತ ಯಂತ್ರವನ್ನು ದೂರಬೇಡಿ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಹಲ್ಲಿನ ಡಾಕ್ಟರ್ ಮೋರ್ಮನ್ ಮತ್ತು ಎಂಜಿನಿಯರ್ ಬ್ರಾಂಡೆಸ್ಟಿನಿ 1985ರಲ್ಲಿ ಮೊದಲ ರೋಗಿಗೆ ಹೀಗೆ ಕೊರೆದ ತುಂಡು ಕೂರಿಸಿದರು. ಅಲ್ಲಿಂದ ಈ ಕೆಲಸ ಬಹಳ ಸುಧಾರಿಸಿದೆ. ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವಿನ ಸಂದಿ 120 ಮೈಕ್ರಾನ್ ಒಳಗಿದ್ದರೆ ಸಾಕು ಅನ್ನುವುದು 1971ರಿಂದ ಬಂದ ಲೆಕ್ಕ. ಅಂದರೆ ಮಿಲಿಮೀಟರಿನ ಸುಮಾರು ಎಂಟನೇ ಒಂದು ಭಾಗ. ಈಗಿನ ಯಂತ್ರಗಳಿಗೆ ಇದು ಕಷ್ಟವಲ್ಲ. ಝಿರ್ಕೋನಿಯಾವನ್ನು ಸೀಮೆಸುಣ್ಣದಷ್ಟು ಮೆತ್ತಗಿರುವಾಗಲೇ ಕೊರೆಯುತ್ತಾರೆ. ಆಮೇಲೆ ಗಟ್ಟಿಯಾಗಲು ಭಟ್ಟಿಯಲ್ಲಿ ಸುಟ್ಟಾಗ ಅದು ಹೆಚ್ಚುಕಡಿಮೆ ಐದನೇ ಒಂದು ಭಾಗ ಕುಗ್ಗುತ್ತದೆ. ಅದನ್ನೂ ಲೆಕ್ಕ ಹಾಕಿ ದೊಡ್ಡದಾಗಿ ಕೊರೆಯುವಷ್ಟು ಜಾಣ್ಮೆ ಸಾಫ್ಟ್‌ವೇರ್‌ಗಿದೆ. ಆದರೆ ಕೊರೆಯುವ ಮೊನೆಗೂ ಒಂದು ದಪ್ಪ ಇರುತ್ತದಲ್ವಾ? ಅರೆದ ಹಲ್ಲಿನಲ್ಲಿ ಚೂಪು ಮೂಲೆ ಉಳಿದರೆ ಕ್ಯಾಪಿನ ಒಳಗೆ ಅಷ್ಟೇ ಚೂಪಾಗಿ ಕೊರೆಯಲು ಆಗುವುದಿಲ್ಲ. ಆಗ ಒಳಗಡೆ ಸಡಿಲ ಮಾಡಬೇಕಾಗುತ್ತದೆ. ಮೂಲೆಗಳನ್ನು ದುಂಡಗೆ ಮಾಡುವುದು ಡಾಕ್ಟರ ಕೈಯಲ್ಲಿದೆ.

ನನ್ನ ಹಳೇ ಕ್ಯಾಪನ್ನು ಕತ್ತರಿಸಿ ತೆಗೆದರು. ಹುಳುಕು ಕೆರೆದು, ದಾರ ಇಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಮತ್ತೆ ಝಿರ್ಕೋನಿಯಾ, ಮತ್ತೆ ಕಂಪ್ಯೂಟರ್. ಈಗ ಫ್ಲಾಸ್ ಸಲೀಸಾಗಿ ಹೋಗಿ ಬರುತ್ತದೆ. ಆದರೆ ಹಲ್ಲು ಇನ್ನಷ್ಟು ಸವೆದಿದೆ, ಎರಡೆರಡು ಸಲ ದುಡ್ಡೂ ಹೋಯಿತು.

ಹಾಗಾಗಿ ಅಚ್ಚೋ ಕಂಪ್ಯೂಟರೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಆ ಪ್ರಶ್ನೆಯೇ ಸರಿಯಿಲ್ಲ. ವಸಡಿನ ಕೆಲಸಕ್ಕೆ ಸಮಯ ಕೊಡುವ ಡಾಕ್ಟರನ್ನು ಹುಡುಕಿ. ಸ್ಕ್ಯಾನ್ ಆದ ಮೇಲೆ ಪರದೆ ತೋರಿಸಿ ಅಂತ ಕೇಳಿ. ಗೆರೆ ಸುತ್ತಲೂ ಸ್ಪಷ್ಟವಾಗಿ ಕಾಣದಿದ್ದರೆ ಮತ್ತೆ ಸ್ಕ್ಯಾನ್ ಮಾಡಿಸಿ. ಸಿಮೆಂಟ್ ಹಾಕಿ ಅಂಟಿಸುವ ಮೊದಲು ಅಂಚನ್ನು ಚೂಪು ಕಡ್ಡಿಯಂಥ ಉಪಕರಣದಿಂದ ತಡವಿ ನೋಡಲಿ, ಹಲ್ಲುಗಳ ನಡುವಿನ ಭಾಗಕ್ಕೆ ಎಕ್ಸ್‌ರೇ ತೆಗೆಯಲಿ. ಇದಕ್ಕೆಲ್ಲ ಪುರುಸೊತ್ತಿಲ್ಲ ಅನ್ನುವವರ ಹತ್ತಿರ ಎಷ್ಟೇ ದುಬಾರಿ ಯಂತ್ರ ಇದ್ದರೂ ಬೇರೆ ಕಡೆ ಹೋಗಿ.