ನಲವತ್ತು ಪುಟದ ಲೋಕ ಸಿದ್ಧ, ಆಡೋಕೆ ಜನ ಇಲ್ಲ: ನನ್ನ ಉತ್ತರ

ನಿಮ್ಮ ಕಷ್ಟ ನನಗೆ ಅರ್ಥವಾಗಿದ್ದು ಇಷ್ಟು. ರೋಲ್‌ಪ್ಲೇ ಆಟಕ್ಕೆ, ಅಂದರೆ ಒಬ್ಬರು ಕಥೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಆಡುವ ಆಟಕ್ಕೆ, ಎಂಟು ತಿಂಗಳು ಕೂತು ಸ್ವಂತ ಫ್ಯಾಂಟಸಿ ಲೋಕ ಕಟ್ಟಿದ್ದೀರಿ. ನಲವತ್ತು ಪುಟ ಇತಿಹಾಸ, ಹನ್ನೆರಡು ದೇವರು, ಮೂರು ಮ್ಯಾಪು. ಆಟಗಾರರು ಬೇಕು ಅಂತ ಆನ್‌ಲೈನ್‌ನಲ್ಲಿ ಹಾಕಿದಿರಿ. ಒಂಬತ್ತು ಜನ ಮೆಸೇಜ್ ಮಾಡಿದರು, ಮೊದಲ ದಿನ ಬಂದವರು ಇಬ್ಬರು. ಲೋಕವನ್ನು ಇನ್ನೂ ಚೆನ್ನಾಗಿ ಬರೆಯಬೇಕಾ ಅಂತ ಈಗ ಕೇಳುತ್ತಿದ್ದೀರಿ.

ಬೇಡ. ಬರೆದದ್ದು ಸಾಕು, ಜಾಸ್ತಿನೇ ಆಗಿದೆ. ನೀವು ಹಾಕಿದ ಫೈಲ್ ಪೂರ್ತಿ ಓದಿದೆ. 31ನೇ ಪುಟದಲ್ಲಿ ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆ. ಕೆರೆಯೊಂದು ದಿನಕ್ಕೆ ಒಂದು ಗೇಣು ಇಳಿಯುತ್ತಿದೆ, ಎಂದೋ ಮುಳುಗಿದ ಊರಿನ ಗೋಪುರದ ತುದಿ ಕಾಣಿಸಿಕೊಂಡಿದೆ, ರಾತ್ರಿ ಅದರ ಗಂಟೆ ಹೊಡೆಯುತ್ತದೆ. ನಿಮ್ಮ ಕ್ಯಾಂಪೇನ್, ಅಂದರೆ ವಾರವಾರ ಮುಂದುವರಿಯುವ ಕಥೆ, ಇರೋದೇ ಅಲ್ಲಿ. ಅದಕ್ಕೆ ಮುಂಚಿನ ಮೂವತ್ತು ಪುಟದ ರಾಜವಂಶಗಳನ್ನು ನಿಮ್ಮ ಖುಷಿಗೆ ಇಟ್ಟುಕೊಳ್ಳಿ, ಆಟಗಾರರ ತಲೆಗೆ ಕಟ್ಟಬೇಡಿ.

ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ನನ್ನ ಮೊದಲ ಹೋಮ್‌ಬ್ರೂಗೆ, ಅಂದರೆ ಸ್ವಂತ ಲೋಕಕ್ಕೆ, ಸಾವಿರ ವರ್ಷದ ಯುದ್ಧದ ಕಥೆ ಬರೆದಿದ್ದೆ. ಮೊದಲ ಸೆಷನ್‌ನಲ್ಲಿ ಇಪ್ಪತ್ತು ನಿಮಿಷ ಅದನ್ನೇ ಓದಿದೆ. ಮುಗಿಸಿದ ಮೇಲೆ ಒಬ್ಬರು ಮೈಕ್ ಆನ್ ಮಾಡಿ, "ಸಾರಿ, ಈಗ ನಾವು ಎಲ್ಲಿದ್ದೀವಿ?" ಅಂದರು. ಹೊಳೆ ದಂಡೆಯಲ್ಲಿ ಅಂದೆ, ಬಾಯಿಗೆ ಬಂದದ್ದು ಅದೇ. ದೋಣಿ ಇದೆಯಾ ಅಂತ ಕೇಳಿದರು. ಇದೆ ಅಂದೆ. ಉಳಿದ ಎರಡು ಗಂಟೆ, ನಾನು ಆ ಕ್ಷಣಕ್ಕೆ ಹುಟ್ಟಿಸಿದ ಅಂಬಿಗನ ಜೊತೆ ಚೌಕಾಸಿ ಮಾಡಿದರು. ಸಾವಿರ ವರ್ಷದ ಯುದ್ಧವನ್ನು ಆಮೇಲೆ ಯಾರೂ ಕೇಳಲೇ ಇಲ್ಲ. ಅಂಬಿಗ ಮಾತ್ರ ಹದಿನಾಲ್ಕು ಸೆಷನ್ ಬಾಳಿದ.

ಅವತ್ತಿನಿಂದ ಒಂದು ಸೆಷನ್‌ಗೆ ಒಂದೇ ಪುಟ ಬರೆಯೋದು. ನಿಮ್ಮ ಕೆರೆಯನ್ನೇ ಇಟ್ಟುಕೊಂಡು ಹೇಳ್ತೀನಿ. ಮೊದಲ ದೃಶ್ಯ: ಬೆಳಗಿನ ಜಾವ, ದೋಣಿಗಳೆಲ್ಲ ಕೆಸರಿನಲ್ಲಿ ಕೂತಿವೆ, ದಡದಲ್ಲಿ ಜನ ಜಗಳ ಆಡುತ್ತಿದ್ದಾರೆ. ಅಲ್ಲಿ ಮೂರು ಜನ. ಊರಿನ ಮುಖ್ಯಸ್ಥೆಗೆ ಆ ಗೋಪುರದೊಳಗೆ ಇರೋದು ಹೊರಗೆ ಬರಬಾರದು. ದೋಣಿ ಕಟ್ಟುವವನ ಮಗ ಗಂಟೆ ಸದ್ದು ಕೇಳಿ ನೀರಿಗೆ ಇಳಿದು ಮೂರು ದಿನವಾಯಿತು, ಅಪ್ಪನಿಗೆ ಮಗ ಬೇಕು. ಹೊರಗಿನಿಂದ ಬಂದ ವ್ಯಾಪಾರಿಗೆ ಗಂಟೆ ಬೇಕು. ಕಂಚಿಗೆ ಒಳ್ಳೆ ಬೆಲೆ ಇದೆ ಅಂತಾಳೆ, ಸುಳ್ಳು. ಅಷ್ಟೇ. ಆಟಗಾರರು ಯಾರ ಕಡೆ ಹೋದರೂ ಉಳಿದ ಇಬ್ಬರಿಗೆ ಸಿಟ್ಟು ಬರುತ್ತದೆ, ಸೆಷನ್ ತಾನಾಗಿ ಓಡುತ್ತದೆ. ಆಟಗಾರರು ಏನು ಮಾಡುತ್ತಾರೆ ಅಂತ ನೀವು ಬರೆಯಬೇಡಿ. ಈ ಮೂವರಿಗೆ ಏನು ಬೇಕು ಅಂತ ಗೊತ್ತಿದ್ದರೆ ಯಾವ ಪ್ರಶ್ನೆ ಬಂದರೂ ನಿಭಾಯಿಸಬಹುದು.

ಅದೇ ಪುಟದ ಮೂಲೆಯಲ್ಲಿ ಒಂದು ವೃತ್ತ ಬರೆದು ಆರು ಭಾಗ ಮಾಡಿ. ಆಟದೊಳಗೆ ಒಂದು ರಾತ್ರಿ ಕಳೆದರೆ ಒಂದು ಭಾಗಕ್ಕೆ ಬಣ್ಣ. ಆರೂ ತುಂಬಿದಾಗ ಗೋಪುರದ ಬಾಗಿಲು ನೀರಿನಿಂದ ಮೇಲೆ ಬಂದು ತೆರೆದುಕೊಳ್ಳುತ್ತದೆ, ಆಟಗಾರರು ಅಲ್ಲಿರಲಿ, ಬಿಡಲಿ. ಈ ವೃತ್ತವನ್ನು ಅವರಿಗೂ ತೋರಿಸಿ. ಬಚ್ಚಿಟ್ಟರೆ ಒತ್ತಡ ನಿಮಗೊಬ್ಬರಿಗೇ. ಕೆಳಗೆ ಇನ್ನೂ ಯಾರಿಗೂ ಇಡದ ಹತ್ತು ಹೆಸರು ಬರೆದಿಡಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಇಡೋದಕ್ಕೆ. ಹೆಸರು ಹುಡುಕುತ್ತಾ ನೀವು "ಅಂ... ಅಂ..." ಅಂದರೆ ಇವನು ಮುಖ್ಯನಲ್ಲ ಅಂತ ಆಟಗಾರರಿಗೆ ಗೊತ್ತಾಗಿಬಿಡುತ್ತೆ.

ಸುಳಿವಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ನಿಮ್ಮ ಮೊದಲ ಸೆಷನ್ ಕೆಟ್ಟಿದ್ದು ಇಲ್ಲೇ. ಹಳೆಯ ಕಲ್ಲಿನ ಬರಹ ಓದೋಕೆ ದಾಳ ಹಾಕಿಸಿದಿರಿ, ಇಬ್ಬರೂ ಸೋತರು, ಆಮೇಲೆ ಅರ್ಧ ಗಂಟೆ ಏನೂ ನಡೆಯಲಿಲ್ಲ ಅಂತ ಬರೆದಿದ್ದೀರಿ. ಲೆಕ್ಕ ನೋಡಿ. ಡಿಸಿ, ಅಂದರೆ ಗೆಲ್ಲೋಕೆ ಮುಟ್ಟಬೇಕಾದ ಅಂಕ, 15 ಇದ್ದು, ದಾಳಕ್ಕೆ ಕೂಡಿಸೋಕೆ ಪಾತ್ರಕ್ಕೆ +5 ಇದ್ದರೆ, ಡಿ20 ಅನ್ನೋ ಇಪ್ಪತ್ತು ಮುಖದ ದಾಳದ ಮೇಲೆ 10 ಅಥವಾ ಹೆಚ್ಚು ಬೀಳಬೇಕು. ಇಪ್ಪತ್ತು ಮುಖದಲ್ಲಿ ಹನ್ನೊಂದು, ಅಂದರೆ 55 ಪರ್ಸೆಂಟ್. ಒಳ್ಳೆ ಪಾತ್ರಕ್ಕೇ ಈ ಗತಿ. ಕಥೆ ಮುಂದೆ ಹೋಗಲೇಬೇಕಾದ ಬಾಗಿಲಿಗೆ ಇಂಥ ಬೀಗ ಹಾಕಬಾರದು. ಕಲ್ಲನ್ನು ಓದೋದು ಗ್ಯಾರಂಟಿ ಅಂತಿಟ್ಟುಕೊಳ್ಳಿ. ಎಷ್ಟು ಹೊತ್ತು ಹಿಡಿಯಿತು, ಓದುವಾಗ ಯಾರು ನೋಡಿದರು ಅನ್ನೋದಕ್ಕೆ ದಾಳ ಹಾಕಿಸಿ. ಮತ್ತೆ ಒಂದು ಗುಟ್ಟಿಗೆ ಕನಿಷ್ಠ ಮೂರು ಸುಳಿವು, ಮೂರು ಬೇರೆ ಬೇರೆ ಜಾಗದಲ್ಲಿ. ಒಂದನ್ನು ಕಾಣುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈಹಿಡಿಯುತ್ತದೆ.

ಲೋಕ ನಿಮ್ಮದಿರಲಿ, ರೂಲ್ಸ್ ನಿಮ್ಮದು ಬೇಡ. ಹೊಸ ಮ್ಯಾಜಿಕ್ ಸಿಸ್ಟಮ್ ಬರೆದಿದ್ದೀರಲ್ಲ, ಅದನ್ನು ಮುಂದಿನ ವರ್ಷಕ್ಕೆ ಎತ್ತಿಡಿ. ಮುಖ ಪರಿಚಯವಿಲ್ಲದ ಐದು ಜನ ಸೇರುವಾಗ ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಬೇಕು, ಅದೇ ರೂಲ್ಸ್. ಇಂಥ ಆಟಗಳಲ್ಲಿ ಹೆಸರಾದ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಐದನೇ ಆವೃತ್ತಿಯ ಮೂಲ ನಿಯಮಗಳು, ಅಂದರೆ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸುವಂತೆ, ಸಿಗುತ್ತಿವೆ. ಯಾರೂ ಪುಸ್ತಕ ಕೊಳ್ಳದೆ ಶುರು ಮಾಡಬಹುದು. ಪಾತ್ರಗಳನ್ನು ಮೂರನೇ ಲೆವೆಲ್‌ನಿಂದ (ಲೆವೆಲ್ ಅಂದರೆ ಪಾತ್ರದ ಬಲದ ಮೆಟ್ಟಿಲು) ಶುರು ಮಾಡಿ. ಒಂದನೇ ಲೆವೆಲ್‌ನಲ್ಲಿ ಒಂದು ಕೆಟ್ಟ ಏಟಿಗೆ ಪಾತ್ರ ನೆಲಕ್ಕೆ ಬೀಳುತ್ತದೆ.

ಈಗ ಆಟಗಾರರ ವಿಷಯ. ನಿಮ್ಮ ಜಾಹೀರಾತು "ಮೂರನೇ ಯುಗದ ಪತನದ ನಂತರ ಏಳು ರಾಜ್ಯಗಳು..." ಅಂತ ಶುರುವಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಅನ್ನೋದು ಕೊನೆಯಲ್ಲೂ ಇಲ್ಲ. ಓದುವವರು ಮೊದಲು ಹುಡುಕೋದು ಅದನ್ನೇ ಅಲ್ವಾ? ನಾನಾಗಿದ್ದರೆ ಹೀಗೆ ಹಾಕುತ್ತಿದ್ದೆ:

"ಪ್ರತಿ ಶನಿವಾರ ಯುಟಿಸಿ (ಜಾಗತಿಕ ಸಮಯ) 14:00ರಿಂದ ಮೂರು ಗಂಟೆ. ಡಿ ಅಂಡ್ ಡಿ ಐದನೇ ಆವೃತ್ತಿ, ಮೂರನೇ ಲೆವೆಲ್. ಡಿಸ್ಕಾರ್ಡ್ ಆ್ಯಪ್‌ನಲ್ಲಿ ವಾಯ್ಸ್, ಕ್ಯಾಮೆರಾ ಬೇಡ. 18 ದಾಟಿದವರಿಗೆ ಮಾತ್ರ, ಹೊಸಬರಾದರೂ ಸರಿ. ಕೆರೆ ಬತ್ತುತ್ತಿದೆ, ಮುಳುಗಿದ ಊರು ಮೇಲೆ ಬರುತ್ತಿದೆ. ರಾತ್ರಿ ಅಲ್ಲಿನ ಗಂಟೆ ಕೇಳಿ ನೀರಿಗೆ ಇಳಿದವರು ವಾಪಸ್ ಬಂದಿಲ್ಲ. ಹೋದವರಲ್ಲಿ ಒಬ್ಬರು ನಿಮಗೆ ಬೇಕಾದವರು. ಮಾತುಕತೆ ಜಾಸ್ತಿ, ಹೊಡೆದಾಟ ಕಮ್ಮಿ, ಸ್ವಲ್ಪ ಭಯ. ಆರು ಸೆಷನ್ ಆಡೋಣ, ಮುಂದುವರಿಸೋದು ಆಮೇಲೆ ಎಲ್ಲರೂ ಸೇರಿ ನೋಡೋಣ."

ಆರು ಸೆಷನ್ ಅಂದಿದ್ದು ಬೇಕಂತಲೇ. ಗುರುತಿಲ್ಲದವರಿಗೆ ಎರಡು ವರ್ಷದ ಮಹಾಗಾಥೆಗೆ ಬನ್ನಿ ಅಂದರೆ ಹೂಂ ಅನ್ನುತ್ತಾರೆ, ಬರುವುದಿಲ್ಲ. ಆರು ಶನಿವಾರ ಅಂದರೆ ಕ್ಯಾಲೆಂಡರ್ ನೋಡಿ ಹೇಳುತ್ತಾರೆ. ಇನ್ನೊಂದು, ಎಷ್ಟೋ ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಒಂದು ಗಂಟೆ ಹಿಂದೆ ಮುಂದೆ ಆಗುತ್ತದೆ. ಡಿಸ್ಕಾರ್ಡ್‌ನ ಟೈಮ್‌ಸ್ಟ್ಯಾಂಪ್ (ಸಮಯ ತೋರಿಸುವ ಕೋಡ್) ಬಳಸಿದರೆ ಪ್ರತಿಯೊಬ್ಬರಿಗೂ ಅವರವರ ಸಮಯವೇ ಕಾಣುತ್ತದೆ. ನನ್ನ ಗುಂಪಿನಲ್ಲಿ ಒಬ್ಬರು ಎರಡು ವಾರ ಸತತವಾಗಿ ಒಂದು ಗಂಟೆ ತಡವಾಗಿ ಬಂದು, ಬೇಜಾರಾಗಿ ಬಿಟ್ಟೇ ಹೋದರು. ತಪ್ಪು ನನ್ನದೇ.

ಎಲ್ಲಿ ಹಾಕೋದು? ರೆಡ್ಡಿಟ್‌ನ ಎಲ್‌ಎಫ್‌ಜಿ (ಆಡೋಕೆ ಗುಂಪು ಹುಡುಕುವವರ ಜಾಗ), ಇಂಥ ಆಟ ಆಡಿಸುವ ಸೈಟ್ ರೋಲ್20ಯ ಗೇಮ್ ಪಟ್ಟಿ, ನೀವು ಆಡುವ ಸಿಸ್ಟಮ್‌ನ ಡಿಸ್ಕಾರ್ಡ್ ಸರ್ವರ್‌ಗಳು. ಆಟ ನಡೆಸುವವರಿಗಿಂತ ಆಡುವವರು ಯಾವಾಗಲೂ ಜಾಸ್ತಿ, ಹಾಗಾಗಿ ಜನ ಸಿಗುತ್ತಾರೆ. ಆರಿಸೋದೇ ಕೆಲಸ.

ಕೆಲವರು ಜಾಹೀರಾತಿನ ಮಧ್ಯೆ ಗುಪ್ತ ಪದ ಇಟ್ಟು, ಅದನ್ನು ಬರೆದವರನ್ನು ಮಾತ್ರ ತಗೋತಾರೆ. ನನಗೆ ಅದು ಪರೀಕ್ಷೆ ಹಾಲ್ ಥರ ಅನ್ನಿಸುತ್ತೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಹಿಂದೆ ಆಡಿದ ಆಟದಲ್ಲಿ ಬೇರೆ ಆಟಗಾರರು ಮಾಡಿದ, ನಿಮಗೆ ಖುಷಿಯಾದ ಒಂದು ಕೆಲಸ ಹೇಳಿ. ಕೆಲವರು ಬರೀ ತಮ್ಮ ಪಾತ್ರದ ಬಗ್ಗೆಯೇ ಒಂದು ಪುಟ ಬರೆಯುತ್ತಾರೆ. ಅಂಥವರಿಗೆ ಥ್ಯಾಂಕ್ಸ್ ಹೇಳಿ ಬಿಡುತ್ತೇನೆ. ಉಳಿದವರ ಜೊತೆ ಹದಿನೈದು ನಿಮಿಷ ವಾಯ್ಸ್‌ನಲ್ಲಿ ಮಾತು. ಈ ಕಾಲ್‌ಗೆ ಹೇಳದೆ ಕೇಳದೆ ತಪ್ಪಿಸಿಕೊಂಡವರು ಸೆಷನ್‌ಗೂ ತಪ್ಪಿಸಿಕೊಳ್ಳುತ್ತಾರೆ. ಹೊಸಬರಿಗೆ ಹಿಂದಿನ ಆಟ ಇರೋದಿಲ್ಲವಲ್ಲ, ಅವರನ್ನು ನೇರ ಕಾಲ್‌ಗೇ ಕರೆಯಿರಿ.

ಐದು ಜನರನ್ನು ತೆಗೆದುಕೊಳ್ಳಿ, ಮೂವರು ಬಂದರೆ ಆಡಿಸಿ. ಇದಕ್ಕೂ ಲೆಕ್ಕ ಇದೆ. ಒಬ್ಬೊಬ್ಬರೂ ಐದು ವಾರದಲ್ಲಿ ನಾಲ್ಕು ವಾರ ಬರ್ತಾರೆ ಅಂತಿಟ್ಟುಕೊಳ್ಳಿ, ಅದೇನು ಕೆಟ್ಟ ಹಾಜರಿ ಅಲ್ಲ. ನಾಲ್ವರ ಗುಂಪಿನಲ್ಲಿ ನಾಲ್ವರೂ ಇರಲೇಬೇಕು ಅಂದರೆ ಆಟ ನಡೆಯೋದು 41 ಪರ್ಸೆಂಟ್ ವಾರ ಮಾತ್ರ. ಐವರಲ್ಲಿ ಮೂವರು ಸಾಕು ಅಂದರೆ 94 ಪರ್ಸೆಂಟ್. ಬಾರದವರ ಪಾತ್ರ ಆ ರಾತ್ರಿ ದಡದಲ್ಲಿ ಕಾವಲು ಕಾಯುತ್ತಿತ್ತು ಅಂದರೆ ಮುಗಿಯಿತು.

ಸೆಷನ್ ಜೀರೋ, ಅಂದರೆ ಆಟಕ್ಕೆ ಮುಂಚೆ ಎಲ್ಲರೂ ಕೂತು ಮಾತಾಡೋದು, ತಪ್ಪಿಸಬೇಡಿ. ಅದರಲ್ಲಿ ನಿಮ್ಮ ಲೋಕದ ಇತಿಹಾಸ ಹೇಳಬೇಡಿ. ಯಾವ ವಿಷಯ ಆಟದಲ್ಲಿ ಬರಲೇಬಾರದು, ಯಾವುದು ಬಂದರೂ ಪರದೆ ಹಿಂದೆ ನಡೆದುಹೋಗಬೇಕು ಅಂತ ಎಲ್ಲರನ್ನೂ ಕೇಳಿ. ಎದುರಿಗೆ ಹೇಳೋಕೆ ಸಂಕೋಚ ಆದವರು ನಿಮಗೊಬ್ಬರಿಗೇ ಮೆಸೇಜ್ ಮಾಡಲಿ, ಕಾರಣ ಕೇಳಬೇಡಿ. ನಿಮ್ಮ ಕಥೆಯಲ್ಲಿ ಜನ ನೀರಿಗೆ ಇಳಿದು ಸಾಯುತ್ತಿದ್ದಾರೆ, ಒಬ್ಬನ ಮಗ ಬೇರೆ. ಇದು ಯಾರಿಗೆ ಎಲ್ಲಿ ತಾಗುತ್ತದೋ ಹೇಳೋಕಾಗಲ್ಲ. ಆಮೇಲೆ ಅಲ್ಲೇ ಪಾತ್ರಗಳನ್ನು ಒಟ್ಟಿಗೆ ಮಾಡಿಸಿ, ಪ್ರತಿಯೊಬ್ಬರಿಗೂ ಪಕ್ಕದವರ ಪಾತ್ರದ ಜೊತೆ ಒಂದು ನಂಟು ಇರಲಿ.

ಮ್ಯಾಪ್ ತೋರಿಸೋಕೆ ಔಲ್‌ಬೇರ್ ರೋಡಿಯೋ ಸಾಕು, ಬ್ರೌಸರ್‌ನಲ್ಲೇ ತೆರೆಯುತ್ತದೆ. ಫೌಂಡ್ರಿ ಅನ್ನೋ ಸಾಫ್ಟ್‌ವೇರ್ ಚೆನ್ನಾಗಿದೆ, ಜಿಎಂ (ಆಟ ನಡೆಸುವವರು) ಒಬ್ಬರು ಒಂದು ಸಲ ಕೊಂಡರೆ ಆಯಿತು. ಆದರೆ ಅದರ ಸೆಟ್ಟಿಂಗ್ಸ್ ತಿದ್ದುತ್ತಾ ಇನ್ನೊಂದು ಎಂಟು ತಿಂಗಳು ಕಳೆಯುವ ಜಾತಿ ನೀವು, ನಾನೂ ಅದೇ ಜಾತಿ. ಸದ್ಯಕ್ಕೆ ಬೇಡ.

ಹನ್ನೆರಡು ದೇವರನ್ನೂ ಬಿಡಬೇಕಾ ಅಂತ ನೀವು ಕೇಳೋ ಮುಂಚೆ ಹೇಳಿಬಿಡ್ತೀನಿ. ಹನ್ನೊಂದನ್ನು ಈಗ ಮುಟ್ಟಬೇಡಿ. ಆ ಗಂಟೆ ಹೊಡೆಯುತ್ತಿರೋದು ಯಾರು ಅನ್ನೋದನ್ನು ಮಾತ್ರ ಶನಿವಾರದೊಳಗೆ ತೀರ್ಮಾನ ಮಾಡಿ.