ಟ್ಯಾಟಿಂಗ್ ಲೇಸನ್ನು (ಪುಟ್ಟ ಲಾಳಿಯಿಂದ ದಾರಕ್ಕೆ ಗಂಟು ಹಾಕುತ್ತ ಉಂಗುರ ಉಂಗುರವಾಗಿ ಹೆಣೆಯುವ ಲೇಸು) ಶುಭಾಶಯ ಪತ್ರಕ್ಕೆ ಅಂಟಿಸಿದರೆ ಅಂಟಿನ ಕಲೆ ಕಾಣುತ್ತದೆ. ಏನು ಮಾಡಬೇಕು?

ಅಂಟಿಸಬೇಡಿ, ಹೊಲಿಯಿರಿ. ಹತ್ತಿಯ ದಾರ ಅಂಟನ್ನು ಹೀರಿಕೊಂಡು, ಒಣಗಿದ ಮೇಲೆ ಪ್ಲಾಸ್ಟಿಕ್‌ನಂತೆ ಹೊಳೆಯುತ್ತದೆ. ಅಷ್ಟು ಹೊತ್ತು ಕೂತು ಲಾಳಿಯಲ್ಲಿ ಗಂಟು ಹಾಕಿದ್ದೆಲ್ಲ ಅಂಗಡಿಯ ಲೇಸಿನಂತೆ ಕಾಣತೊಡಗುತ್ತದೆ.

ಮೊದಲು ಲೇಸನ್ನು ತೆಳು ಗಂಜಿಯಲ್ಲಿ ಅದ್ದಿ ಹಿಂಡಿ, ಥರ್ಮೋಕೋಲ್ ಹಲಗೆಯ ಮೇಲೆ ಹರಡಿ, ಅಂಚಿನ ಪುಟ್ಟ ಕುಣಿಕೆಗಳಿಗೆ (ಪಿಕೋ) ತುಕ್ಕು ಹಿಡಿಯದ ಗುಂಡುಸೂಜಿ ಚುಚ್ಚಿ ಒಣಗಿಸಿ. ಉಂಗುರಗಳು ಸರಿಯಾಗಿ ದುಂಡಗಾಗುವುದು ಆಗಲೇ. ಬಳಿಕ ದಪ್ಪ ಕಾಗದದ ಮೇಲಿಟ್ಟು, ಕೆಲವು ಪಿಕೋಗಳ ಒಳಗೂ ಹೊರಗೂ ಒಂದೊಂದು ತೂತನ್ನು ಸೂಜಿಯಿಂದ ಮೊದಲೇ ಮಾಡಿಕೊಳ್ಳಿ. ನೇರವಾಗಿ ಹೊಲಿಯಲು ಹೋದರೆ ಕಾಗದ ಮಡಿಚಿಕೊಳ್ಳುತ್ತದೆ. ಅದೇ ಬಣ್ಣದ ಸಣ್ಣ ದಾರವನ್ನು ಹಿಂದಿನಿಂದ ತಂದು, ಕುಣಿಕೆಯನ್ನು ಹಿಡಿದು, ಹಿಂದಕ್ಕೇ ಇಳಿಸಿ. ಐದಾರು ಕಡೆ ಸಾಕು. ಹಿಂಬದಿಯ ಗಂಟುಗಳ ಮೇಲೆ ಇನ್ನೊಂದು ಕಾಗದ ಅಂಟಿಸಿಬಿಟ್ಟರೆ ಯಾರಿಗೂ ಕಾಣದು.

ಅಂಟೇ ಬೇಕೆಂದರೆ, ಬೆಂಕಿಕಡ್ಡಿಯ ತುದಿಯಷ್ಟು ಫೆವಿಕಾಲ್ ಅನ್ನು ಉಂಗುರಗಳು ಕೂಡುವ ಜಾಗದ ಅಡಿಗೆ ಮಾತ್ರ ಮುಟ್ಟಿಸಿ.

ಲೇಸು ಹೆಣೆಯುವ ದಾರ 40ನೆಯ ಅಥವಾ 80ನೆಯ ನಂಬರಿನದಿರಲಿ. ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. ಬಿಳಿ ಲೇಸಿಗೆ ಕಡು ನೀಲಿ ಅಥವಾ ಕುಂಕುಮಗೆಂಪು ಕಾಗದ ಒಪ್ಪುತ್ತದೆ. ಪುಸ್ತಕದ ಪುಟಗುರುತು ಮಾಡುವುದಾದರೆ ಲೇಸು ಪುಟಗಳ ಹೊರಗೆ ಇಳಿಬೀಳುವಂತಿರಲಿ. ಒಳಗಿಟ್ಟರೆ ಗಂಟುಗಳ ಅಚ್ಚು ಹಾಳೆಯ ಮೇಲೆ ಮೂಡುತ್ತದೆ. ನನ್ನ ನಿಘಂಟಿನ ಎರಡು ಪುಟಗಳಲ್ಲಿ ಈಗಲೂ ಇದೆ.