ಇಂಗ್ಲಿಷಿನಲ್ಲಿ ನಮ್ಮ ಇಷ್ಟವನ್ನು ಒರಟಾಗದಂತೆ ಹೇಳುವುದು ಹೇಗೆ?

ಕಲಬುರಗಿಯಲ್ಲಿ ಪದವಿ ಓದುತ್ತಿರುವ ನೀವು, ಇಂಗ್ಲಿಷಿನಲ್ಲಿ ಇಷ್ಟಾನಿಷ್ಟ ಹೇಳಹೋದಾಗಲೆಲ್ಲ ‘ಐ ವಾಂಟ್’ ಎಂಬುದೊಂದೇ ಬಾಯಿಗೆ ಬರುತ್ತದೆ, ಅದು ಒರಟಾಗಿ ಕೇಳಿಸುತ್ತದೆ ಎಂದು ಬರೆದಿದ್ದೀರಿ. ಇದೇ ಊರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ ಇದು ಬರೀ ವ್ಯಾಕರಣದ ಪ್ರಶ್ನೆ ಎನಿಸುವುದಿಲ್ಲ. ಬೇಕಾದದ್ದನ್ನು ಹೇಳಲು ಬಾರದವರು ಸಂದರ್ಶನದಲ್ಲಾಗಲಿ ಕಚೇರಿಯಲ್ಲಾಗಲಿ ಇತರರು ಕೊಟ್ಟದ್ದನ್ನೇ ಒಪ್ಪಿಕೊಂಡು ಬರುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ನೀವು ಹೇಳಹೊರಟದ್ದು ಸದಾ ಇರುವ ರುಚಿಯೋ, ಈ ಹೊತ್ತಿನ ಆಯ್ಕೆಯೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಸದಾ ಇರುವ ರುಚಿಗೆ ‘ಐ ಪ್ರಿಫರ್ ಜೋಳದ ರೊಟ್ಟಿ ಟು ಚಪಾತಿ’ ಎಂದರೆ ಸಾಕು. ಇಲ್ಲಿ ‘ದ್ಯಾನ್’ ಬರುವುದಿಲ್ಲ, ‘ಟು’ ಬರುತ್ತದೆ. ‘ಮೋರ್ ಪ್ರಿಫರ್’ ಎನ್ನುವುದೂ ತಪ್ಪು, ಏಕೆಂದರೆ ಹೆಚ್ಚು ಎಂಬ ಅರ್ಥ ಆ ಕ್ರಿಯಾಪದದೊಳಗೇ ಇದೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಯಾರಾದರೂ ಮಧ್ಯಾಹ್ನ ಬರಹೇಳಿದರೆ ಅದು ಈ ಹೊತ್ತಿನ ಆಯ್ಕೆಯ ಮಾತು, ಆಗ ‘ಐ ವುಡ್ ಪ್ರಿಫರ್ ಟು ಕಮ್ ಇನ್ ದ ಮಾರ್ನಿಂಗ್’ ಎನ್ನಬೇಕು. ಬೆಂಗಳೂರಿಗೆ ಹೊರಟಾಗ ‘ಐ ವುಡ್ ರಾದರ್ ಟೇಕ್ ದ ಟ್ರೇನ್ ದ್ಯಾನ್ ದ ಬಸ್’ ಎನ್ನಬಹುದು. ‘ರಾದರ್’ ಆದ ಮೇಲೆ ಕ್ರಿಯಾಪದದ ಮೂಲರೂಪ ನೇರವಾಗಿ ಬರುತ್ತದೆ, ನಡುವೆ ‘ಟು’ ಸೇರಿಸಬಾರದು.

ಇನ್ನೊಬ್ಬರು ಏನು ಮಾಡಬೇಕೆಂದು ಹೇಳುವಾಗ ಮಾತ್ರ ನಮ್ಮ ವಿದ್ಯಾರ್ಥಿಗಳು ನಿಜವಾಗಿ ತಡವರಿಸುತ್ತಾರೆ. ‘ಐ ವುಡ್ ರಾದರ್ ಯು ಕೇಮ್ ಟುಮಾರೋ’ ಎಂಬಲ್ಲಿ ರೂಪ ಭೂತಕಾಲದ್ದು, ಅರ್ಥ ನಾಳೆಯದು. ಆ ಭೂತರೂಪವು ಮಾತನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿ, ಆಜ್ಞೆಯಾಗಬಹುದಾಗಿದ್ದನ್ನು ಕೋರಿಕೆಯಾಗಿಸುತ್ತದೆ. ‘ಡೋಂಟ್ ಸ್ಮೋಕ್ ಹಿಯರ್’ ಎಂಬುದನ್ನೂ ‘ಐ ವುಡ್ ರಾದರ್ ಯು ಡಿಡಂಟ್ ಸ್ಮೋಕ್ ಹಿಯರ್’ ಎಂಬುದನ್ನೂ ಗಟ್ಟಿಯಾಗಿ ಹೇಳಿ ನೋಡಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಆಡುಮಾತಿನಲ್ಲಿ ‘ಐ ವುಡ್’ ಎಂಬುದು ‘ಐಡ್’ ಆಗುವುದರಿಂದ ಅಭ್ಯಾಸವನ್ನೂ ಹಾಗೆಯೇ ಮಾಡಿ.

ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದರೆ ಸಂಕೋಚದಿಂದ ‘ಎನಿಥಿಂಗ್’ ಎನ್ನಬೇಡಿ. ಎರಡೂ ನಿಜವಾಗಿ ಸಮವಾಗಿದ್ದರೆ ‘ಈದರ್ ಈಸ್ ಫೈನ್’ ಎನ್ನಿ, ಇಲ್ಲವಾದರೆ ‘ಟೀ, ಪ್ಲೀಸ್’ ಎಂದು ಬಿಡಿ. ‘ಐಡ್ ರಾದರ್ ನಾಟ್’ ಎಂಬುದು ಕಾರಣ ಹೇಳದೆ ಹಿಂದೆ ಸರಿಯಲು ಒದಗುತ್ತದೆ. ಆದರೆ ಊಟಕ್ಕೆ ಕರೆದವರು ಇನ್ನೊಂದು ರೊಟ್ಟಿ ಹಾಕಬಂದಾಗ ಅದು ಬಿರುಸೆನಿಸೀತು, ಅಲ್ಲಿ ‘ನೋ, ಥ್ಯಾಂಕ್ ಯು’ ಎನ್ನುವುದೇ ಸರಿ.